ಪರದೇಶಿಯ ಪತ್ತು
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ನುಡಿಯಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು: ಅನ್ಯದೇಶದವನೆಂದೊಂದು, ದಿಕ್ಕಿಲ್ಲದವನೆಂದು ಮತ್ತೊಂದು. ಮೊದಲನೆಯವನು ಎರಡನೆಯವನಾಗದಂತೆ ಕಾಯುವುದು ಪತ್ತು. ಎಂದರೆ, ಇವನ ಮಾತನ್ನು ನಂಬಿ ಕೊಡಬಹುದೆಂಬ ನೆರೆಯವರ ವಿಶ್ವಾಸ. ಅದು ಬೆಳೆಯುವ ಬಗೆಯನ್ನು ನಮ್ಮ ಸೀಮೆಯಲ್ಲಿಯೇ ಕಾಣಬಹುದು.

1959ರಲ್ಲಿ ದಲಾಯಿ ಲಾಮಾ ಅವರನ್ನು ಹಿಂಬಾಲಿಸಿ ಸಹಸ್ರಾರು ಟಿಬೆಟಿಯನರು ಭಾರತಕ್ಕೆ ಬಂದರು. ಮೈಸೂರು ಸರ್ಕಾರದವರು ಪಿರಿಯಾಪಟ್ಟಣದ ಬೈಲುಕುಪ್ಪೆಯಲ್ಲಿ ಅವರಿಗೆ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿದರು. 1960-61ರಲ್ಲಿ ಬಂದಿಳಿದ ಆ ತಂಪುನಾಡಿನವರು ನಮ್ಮ ಬಿಸಿಲನ್ನೂ ಆನೆಗಳ ಹಾವಳಿಯನ್ನೂ ಸಹಿಸಿ, ಕಾಡು ಕಡಿದು, ಮುಸುಕಿನ ಜೋಳವನ್ನು ಬೆಳೆದರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದ ಬಳಿ ಮತ್ತೊಂದು ವಸತಿಯಾಯಿತು.

ಆ ಭೂಮಿಯಾದರೋ ಗುತ್ತಿಗೆಯದು. ಸ್ವಂತ ಪಹಣಿಯುಳ್ಳ ರೈತನಂತೆ ಅಡವಿಟ್ಟು ಸಾಲ ತರುವಂತಿಲ್ಲ. ಹೀಗಿರಲು ಅವರನ್ನು ನಂಬಿದವರಾರು? ಮೊದಲು ತಮ್ಮನ್ನು ತಾವೇ ನಂಬಿದರು. ಸಹಕಾರ ಸಂಘವನ್ನು ಕಟ್ಟಿ ಬೇಸಾಯಕ್ಕೆ ಬೇಕಾದುದನ್ನು ಅದರ ಮೂಲಕ ಒದಗಿಸಿಕೊಂಡರು. ಇನ್ನು ಬೇಸಾಯದ ಕಾಲ ಮುಗಿದ ಮೇಲೆ ಅನೇಕ ಕುಟುಂಬಗಳು ಸ್ವೆಟರು ಮಾರಲು ದೂರದ ಪಟ್ಟಣಗಳಿಗೆ ಹೋಗುವುವು. ಆ ಸರಕನ್ನು ಲೂಧಿಯಾನದ ವರ್ತಕರು ಬಹುಮಟ್ಟಿಗೆ ಬಾಯಿಮಾತಿನ ಮೇಲೆ ಉದ್ದರಿ ಕೊಡುವರು. ಚಳಿಗಾಲ ಕಳೆದ ಮೇಲೆ ಬಾಕಿ ಚುಕ್ತವಾಗುವುದು. ಒಬ್ಬನು ತಪ್ಪಿದರೆ ಎಲ್ಲರ ಹೆಸರಿಗೂ ಕುಂದೆಂಬ ಎಚ್ಚರವೇ ಅಲ್ಲಿ ಜಾಮೀನು.

ನಮ್ಮ ಮನೆಯ ಮಕ್ಕಳೂ ಇಂದು ಅಮೆರಿಕಾ ಮೊದಲಾದ ದೇಶಗಳಿಗೆ ಹೋಗುತ್ತಿರುವರು. ಊರಿನಲ್ಲಿ ತಂದೆಗೆ ಎಷ್ಟೇ ತೋಟವಿರಲಿ, ಅಲ್ಲಿಯ ಬ್ಯಾಂಕು ನೋಡುವುದು ಇವನು ಆ ದೇಶದಲ್ಲಿ ಸಾಲವನ್ನು ತೀರಿಸಿದ ಲೆಕ್ಕವನ್ನು. ಆ ಲೆಕ್ಕದ ಪುಟ ಬರಿದು. ಠೇವಣಿಯಿಟ್ಟು ಸಣ್ಣದೊಂದು ಕ್ರೆಡಿಟ್ ಕಾರ್ಡು ಪಡೆದು, ತಿಂಗಳು ತಿಂಗಳೂ ತಪ್ಪದೆ ಹಣ ಕಟ್ಟಿ, ಅಲ್ಲಿ ಅವನು ಹೆಸರು ಗಳಿಸಬೇಕು.

ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದರೆಂದು ನಮ್ಮ ಪರಂಪರೆಯು ಹೇಳುವುದು. ಕಲ್ಯಾಣಕ್ಕೆ ಬಂದ ಮೇಲೆ ಅವರು ಹಿಂದಣ ಸಿರಿಯನ್ನು ಮುಂದೊಡ್ಡಲಿಲ್ಲ. ಸೌದೆಯ ಹೊರೆಯನ್ನು ಮಾರಿ ಬಾಳಿದರು. ಕಾಯಕವೇ ಅವರ ಪತ್ತಾಯಿತು.

ಆದರೆ ಬಂಧುಗಳೇ, ಬಂದವನ ದುಡಿಮೆಯೊಂದರಿಂದಲೇ ಪತ್ತು ಹುಟ್ಟದು. ಮೊದಲ ಸಲ ನಂಬಿ ಕೊಡುವವನೊಬ್ಬನು ಬೇಕು. ಇಂದು ಕೂಲಿಯನ್ನರಸಿ ಅಸ್ಸಾಮು, ಬಿಹಾರಗಳಿಂದ ಬಂದವರು ನಮ್ಮ ಬಾಗಿಲಲ್ಲಿ ಬಾಡಿಗೆಯ ಕೋಣೆಯನ್ನು ಕೇಳುವರು. ನಮ್ಮ ಮಗನಿಗೆ ಪರದೇಶದಲ್ಲಿ ಯಾವ ಉತ್ತರ ದೊರೆಯಲೆಂದು ಹಾರೈಸುವೆವೋ ಆ ಉತ್ತರವನ್ನೇ ಅವರಿಗೆ ನಾವು ಕೊಡೋಣ.