ಬಾಣಂತಿ ಕೋಣೆಯ ಕೆಂಡ

(ಬಸವಕಲ್ಯಾಣ, ಹುಮನಾಬಾದ್ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಉಳಿತಾಯ, ಸಾಲ, ಮರುಪಾವತಿ ಮಾತು ಬೇಡ. ಚಳಿ ಬಗ್ಗೆ ಮಾತಾಡೋಣ. "ಚಳಿ ಬಗ್ಗೆ ಏನು ಹೇಳ್ತೀರಿ ಅಕ್ಕಾ, ವರ್ಷಾ ಬರ್ತದ, ಹೋಗ್ತದ" ಅಂತ ನೀವು ಅನ್ನಬಹುದು. ನಿಜ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ಹೊತ್ತಿಗೆ ಚಳಿ ಇರುವುದೇ. ಆದರೆ ಕೆಲವು ಸಲ ಎರಡು ಮೂರು ದಿನದಾಗ ಒಮ್ಮೆಲೆ ಬೀಳ್ತದ. ನಮ್ಮದು ಎತ್ತರದ ಬಯಲು. ಮೋಡ ಇಲ್ಲದ ರಾತ್ರಿ ನೆಲದ ಬಿಸಿ ಮೇಲಕ್ಕೆ ಹೋಗಿಬಿಡುತ್ತದೆ, ಮೇಲೆ ಉತ್ತರದ ಒಣಗಾಳಿ. ರಾತ್ರಿ ಉಷ್ಣಾಂಶ 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗೆ ಇಳಿದು, ಸಹಜಕ್ಕಿಂತ ನಾಲ್ಕೂವರೆ ಡಿಗ್ರಿಯಷ್ಟು ಕಡಿಮೆಯಾದರೆ ಹವಾಮಾನ ಇಲಾಖೆಯವರು ಅದನ್ನು ಶೀತಗಾಳಿ ಅನ್ನುತ್ತಾರೆ. ಆ ಎಚ್ಚರಿಕೆಯಲ್ಲಿ ಬೀದರ್ ಹೆಸರು ಮತ್ತೆ ಮತ್ತೆ ಬರುತ್ತದೆ.

ಅಂಥ ರಾತ್ರಿ ನಾವು ಏನು ಮಾಡ್ತೀವಿ? ಬಾಗಿಲು ಹಾಕಿ, ಕಿಟಕಿ ಸಂದಿಗೆ ಗೋಣಿಚೀಲ ತುರುಕಿ, ಶೇಗಡಿಯಲ್ಲಿ ಕೆಂಡ ಮಾಡಿ ಒಳಗೆ ಇಟ್ಟುಕೊಳ್ತೀವಿ. ಮನೆಯಲ್ಲಿ ಬಾಣಂತಿ ಇದ್ದರಂತೂ ಕೇಳುವುದೇ ಬೇಡ. ಹೊರಸಿನ ಕೆಳಗೇ ಕೆಂಡ.

ಕೆಲವು ವರ್ಷದ ಹಿಂದೆ ಒಂದು ಊರಿಗೆ ಬೆಳಿಗ್ಗೆ ಸಂಘದ ಸಭೆಗೆ ಹೋಗಿದ್ದೆ. ಸದಸ್ಯೆಯೊಬ್ಬರು ಬಂದಿರಲಿಲ್ಲ. ಮನೆಗೆ ಹೋದರೆ ಮಗಳು ಬಾಣಂತಿ, ಹನ್ನೆರಡು ದಿನದ ಕೂಸು. ತಾಯಿಗೆ ತಲೆನೋವು, ಮಗಳಿಗೆ ವಾಂತಿ. "ರಾತ್ರಿ ಉಂಡಿದ್ದು ಆಗಿಲ್ಲ" ಅಂದರು. ಕೂಸು ಮೊಲೆ ಹಿಡಿಯುತ್ತಿರಲಿಲ್ಲ, ಜೋಲು ಬಿದ್ದಿತ್ತು. ಕೋಣೆಯೊಳಗೆ ಕಾಲಿಟ್ಟರೆ ಬಿಸಿ ಹವೆ, ಮೂಲೆಯಲ್ಲಿ ಬೂದಿ ಮುಚ್ಚಿದ ಕೆಂಡ. ಬಾಗಿಲು ತೆರೆದು ಮೂವರನ್ನೂ ಅಂಗಳಕ್ಕೆ ತಂದೆವು, 108ಕ್ಕೆ ಫೋನ್ ಮಾಡಿದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು. ದೇವರ ದಯೆ, ಮೂವರೂ ಉಳಿದರು. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತೋ ಎಂದು ಇವತ್ತಿಗೂ ನೆನೆಸಿಕೊಳ್ತೀನಿ.

"ಹೊಗೀನೇ ಇರಲಿಲ್ಲ ಅಕ್ಕಾ" ಅಂದಳು ಆ ತಾಯಿ. ತಪ್ಪು ತಿಳುವಳಿಕೆ ಇರುವುದೇ ಇಲ್ಲಿ. ಹೊಗೆ ಇದ್ದರೆ ಕಣ್ಣು ಉರಿದು, ಕೆಮ್ಮು ಬಂದು ನಾವೇ ಎದ್ದು ಹೊರಗೆ ಬರ್ತೀವಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ನಿದ್ದೆಯಲ್ಲಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಒಂದೇ ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಶೇಗಡಿಯ ಕಡೆ ನೋಡಿರಿ. ಹೊಟ್ಟೆಯಲ್ಲಿರುವ ಕೂಸಿಗೆ ಇದು ತಾಯಿಗಿಂತ ಹೆಚ್ಚು ಅಪಾಯ.

2025ರ ನವೆಂಬರ್‌ನಲ್ಲಿ ಬೆಳಗಾವಿಯ ಅಮನ್ ನಗರದಲ್ಲಿ ನಾಲ್ವರು ಯುವಕರು ಚಳಿಗೆ ಕೋಣೆಯೊಳಗೆ ಇದ್ದಿಲು ಹೊತ್ತಿಸಿ ಮಲಗಿದರು. ಮೂವರು ಏಳಲೇ ಇಲ್ಲ. ಗಟ್ಟಿಮುಟ್ಟಾದ ಹುಡುಗರ ಪಾಡೇ ಹೀಗಾದರೆ ಹಸುಗೂಸಿನ ಪಾಡೇನು? ಇದು ತಿಳಿಯದ ಬಡವರ ಕಥೆ ಮಾತ್ರ ಅಲ್ಲ. ಅಮೆರಿಕದ ಟೆಕ್ಸಾಸ್ ನಮ್ಮ ಹಾಗೆ ಬಿಸಿಲಿನ ನಾಡು. 2021ರ ಫೆಬ್ರುವರಿಯಲ್ಲಿ ಅಲ್ಲಿ ಹಿಮದ ಬಿರುಗಾಳಿ ಬಂದು ಕರೆಂಟ್ ಹೋದಾಗ, ಮನೆಯೊಳಗೆ ಇದ್ದಿಲು ಉರಿಸಿ, ಜನರೇಟರ್ ಹಚ್ಚಿ ಇದೇ ವಿಷಗಾಳಿಗೆ ಜನ ಸತ್ತರು.

"ನಮ್ಮ ಅವ್ವ, ಅಜ್ಜಿ ಎಲ್ಲಾ ಕೆಂಡ ಇಟ್ಟೇ ಬಾಣಂತನ ಮಾಡ್ಯಾರ" ಅಂತ ಅತ್ತೆಯವರು ಕೇಳ್ತಾರ. ಅವರಿಗೆ ಎದುರು ಮಾತಾಡಬೇಡಿರಿ, ಹೀಗೆ ಹೇಳಿರಿ: ಆವಾಗಿನ ಮಾಳಗಿ ಮನೆಗೆ ಮೇಲೆ ಬೆಳಕಿಂಡಿ ಇತ್ತು, ಬಾಗಿಲಿಗೆ ಸಂದಿ ಇತ್ತು, ಕೆಟ್ಟ ಗಾಳಿ ಹೋಗಲು ದಾರಿ ಇತ್ತು. ಈಗಿನ ಸ್ಲ್ಯಾಬಿನ ಕೋಣೆಗೆ ಕಬ್ಬಿಣದ ಬಾಗಿಲು, ಗಾಜಿನ ಕಿಟಕಿ. ಮನೆ ಬದಲಾಗಿದೆ, ರೂಢಿಯೂ ಬದಲಾಗಬೇಕು. (ಹಳೇ ಮನೆಯಲ್ಲೂ ಎಷ್ಟು ಕೂಸು ಹೀಗೆ ಹೋದವೋ, ಯಾರು ಲೆಕ್ಕ ಇಟ್ಟಾರ?)

ಹಾಗಾದರೆ ಕೂಸನ್ನು ಬೆಚ್ಚಗೆ ಇಡೋದು ಹೆಂಗ? ತಾಯಿಯ ಮೈಯೇ ಎಲ್ಲಕ್ಕಿಂತ ಒಳ್ಳೆಯ ಶೇಗಡಿ. ಕೂಸಿಗೆ ಕುಲಾಯಿ ಹಾಕಿ, ಬರಿಮೈಯಲ್ಲಿ ತಾಯಿಯ ಎದೆಗೆ ಆನಿಸಿ, ಮೇಲೆ ಸೀರೆ ಸುತ್ತಿ, ಕೌದಿ ಹೊದಿಸಿರಿ. ಕೂಸಿನ ಮುಖ ಮಾತ್ರ ತೆರೆದಿರಲಿ. ತಾಯಿ ದಣಿದರೆ ಅಜ್ಜಿ ಅಥವಾ ಅಪ್ಪ ಎದೆಗೆ ಹಾಕಿಕೊಳ್ಳಬಹುದು. ಅಪ್ಪಂದಿರು ನಾಚಿಕೊಳ್ತಾರ, ಕೊಡ್ರಿ, ಕಲೀತಾರ. ಹುಟ್ಟಿದ ಮೊದಲ ದಿನ ಎರೆಯಬೇಡಿರಿ. ತೂಕ ಕಡಿಮೆ ಇರುವ ಕೂಸಿಗೆ ಇನ್ನೂ ಕೆಲವು ದಿನ ಒರೆಸಿದರೆ ಸಾಕು. ಹಗಲು-ರಾತ್ರಿ ಮೊಲೆಹಾಲು ಕೊಡುತ್ತಿರಿ. ಕೂಸಿನ ಅಂಗಾಲು, ಹೊಟ್ಟೆ ಮುಟ್ಟಿ ನೋಡಿರಿ. ಅಂಗಾಲು ತಣ್ಣಗೆ, ಹೊಟ್ಟೆ ಬೆಚ್ಚಗಿದ್ದರೆ ಚಳಿ ಹತ್ತುತ್ತಿದೆ ಎಂದರ್ಥ. ಹೊಟ್ಟೆಯೂ ತಣ್ಣಗಾಗಿದ್ದರೆ ಮೈಗೆ ಆನಿಸಿಕೊಂಡೇ ಆಸ್ಪತ್ರೆಗೆ ಹೊರಡಿರಿ.

ಕೋಣೆ ಬಿಸಿ ಮಾಡಲೇಬೇಕು ಅನ್ನುವವರು ಸಂಜೆ ಬಾಗಿಲು, ಕಿಟಕಿ ತೆರೆದಿಟ್ಟು, ಎಚ್ಚರ ಇರುವಾಗ ಮಾಡಿರಿ. ಮಲಗುವ ಮೊದಲು ಕೆಂಡ ಅಂಗಳಕ್ಕೆ ಹೋಗಲಿ. ಪರಸಿ ನೆಲ ಮೈಯ ಬಿಸಿ ಹೀರುತ್ತದೆ. ಹೊದಿಯಲು ಎರಡು ಕೌದಿ ಇದ್ದರೆ ಒಂದನ್ನು ಕೆಳಗೆ ಹಾಸಿರಿ, ಅದರ ಕೆಳಗೆ ಗೋಣಿಚೀಲ.

ವಯಸ್ಸಾದವರದೂ ಒಂದು ಮಾತು. ನಡುಗುತ್ತಿದ್ದ ಅಜ್ಜ ನಡುಗುವುದು ನಿಂತು, ಮಾತು ತೊದಲಿ, ಮಂಕಾದರೆ ಚಳಿ ಕಡಿಮೆ ಆಯ್ತು ಅಂತಲ್ಲ, ಮೈ ಸೋತಿದೆ. ಒದ್ದೆ ಬಟ್ಟೆ ತೆಗೆದು, ಹೊದಿಸಿ, ಆಸ್ಪತ್ರೆಗೆ ಒಯ್ಯಿರಿ. ಕುಡಿದರೆ ಚಳಿ ಹೋಗ್ತದ ಅನ್ನೋದು ಕುಡುಕರ ನೆಪ. ಚರ್ಮ ಬಿಸಿ ಅನಿಸಿ ಒಳಗಿನ ಬಿಸಿ ಹೊರಗೆ ಹೋಗುತ್ತದೆ.

ಈಗ ನಡಾವಳಿ ಪುಸ್ತಕ ತೆಗೀರಿ. ನಿಮ್ಮ ಓಣಿಯಲ್ಲಿ ಸಂಕ್ರಾಂತಿಯೊಳಗೆ ಯಾರ ಮನೆಯಲ್ಲಿ ಹೆರಿಗೆ ಇದೆ, ಯಾರ ಮನೆಯಲ್ಲಿ ಈಗಲೇ ಬಾಣಂತಿ ಇದ್ದಾಳೆ, ಬರೆಯಿರಿ. ಹೊದಿಕೆ ಸಾಲದ ಮನೆಗಳ ಮುಂದೆ ಗುರುತು ಹಾಕಿರಿ. ಕಂಬಳಿಗೆ ಸಂಘದಿಂದ ಸಣ್ಣ ಸಾಲ ಕೊಡುವ ತೀರ್ಮಾನ ಇವತ್ತೇ ಆಗಲಿ. ಆ ಮನೆಗಳಿಗೆ ಇವತ್ತು ಸಂಜೆ ಯಾರು ಯಾರು ಹೋಗ್ತೀರಿ, ಕೈ ಎತ್ತಿರಿ.