ಎರಡು ಪಿನ್‌ಕೋಡ್, ಒಂದೇ ಹೆಸರು

ಶಿರಸಿಯ ಹುಡುಗಿಯೊಬ್ಬಳು ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಳೆ ಅಂದುಕೊಳ್ಳೋಣ. ವಿದ್ಯಾರ್ಥಿವೇತನಕ್ಕೆ ಆನ್‌ಲೈನ್ ಅರ್ಜಿ ತುಂಬಬೇಕು. ಅದರಲ್ಲಿ ವಿಳಾಸವನ್ನು ಎರಡು ಸಲ ಕೇಳಿದ್ದಾರೆ: ಊರಿನದೊಂದು, ಈಗ ಇರುವ ಜಾಗದ್ದೊಂದು. ಊರಿಗೆ 581401 ಎಂದೂ ಹಾಸ್ಟೆಲಿಗೆ 580001 ಎಂದೂ ಪಿನ್‌ಕೋಡ್ ಬರೆದು ‘ಸಲ್ಲಿಸಿ’ ಒತ್ತಿದಳು. ಆಮೇಲೆ ತೆರೆದು ನೋಡಿದರೆ ಎರಡೂ ಕಡೆ 580001! ಶಿರಸಿಯ ಪಿನ್‌ಕೋಡ್ ಮಾಯ.

ಹುಡುಗಿ ಸರಿಯಾಗಿಯೇ ಬರೆದಿದ್ದಳು. ನೆಟ್ ಕೂಡ ಚೆನ್ನಾಗಿಯೇ ಇತ್ತು. ಮತ್ತೆ ಆದದ್ದೇನು?

ನಮ್ಮ ಕಣ್ಣಿಗೆ ಕಾಣುವ ಅರ್ಜಿಯೇ ಬೇರೆ, ದೂರದ ಸರ್ವರಿಗೆ ತಲುಪುವುದೇ ಬೇರೆ. ಬಣ್ಣ, ಗೆರೆ, ‘ಊರಿನ ವಿಳಾಸ’ ಎಂಬ ದಪ್ಪಕ್ಷರದ ತಲೆಬರಹ, ಇವೆಲ್ಲ ನಮ್ಮ ಪರದೆಯ ಮೇಲೇ ಉಳಿದುಬಿಡುತ್ತವೆ. ಪ್ರತಿ ಕಾಲಂಗೂ ಪ್ರೋಗ್ರಾಂ ಬರೆದವರು ತೆರೆಮರೆಯಲ್ಲಿ ಒಂದು ಹೆಸರಿಟ್ಟಿರುತ್ತಾರೆ. ಬ್ರೌಸರ್ ಆ ಹೆಸರನ್ನೂ ನಾವು ತುಂಬಿದ್ದನ್ನೂ ಜೋಡಿ ಮಾಡಿ, ಜೋಡಿಗಳನ್ನು ಸಾಲಾಗಿ ಪೋಣಿಸಿ ಕಳಿಸುತ್ತದೆ. ನಮ್ಮ ಹುಡುಗಿಯ ಅರ್ಜಿ ಹೀಗೆ ಹೋಗಿರುತ್ತದೆ:

ತರಗತಿ=7&ಪಿನ್=581401&ಪಿನ್=580001

ಅಷ್ಟೇ! 1995ರಲ್ಲಿ ವೆಬ್ ಪುಟಗಳನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿ ಬಂದಾಗಲೇ ಈ ಜೋಡಿ ಪದ್ಧತಿ ಅದರಲ್ಲಿತ್ತು. ಇಂದಿಗೂ ಲೆಕ್ಕವಿಲ್ಲದಷ್ಟು ಅರ್ಜಿಗಳು ಹೀಗೆಯೇ ಪ್ರಯಾಣ ಮಾಡುತ್ತವೆ.

ಸಾಲಿನಲ್ಲಿ ‘ಪಿನ್’ ಎರಡು ಸಲ ಬಂದಿದೆ, ನೋಡಿದಿರಾ? ಯಾವುದು ಊರಿನದು, ಯಾವುದು ಹಾಸ್ಟೆಲಿನದು ಎಂದು ತಿಳಿಯಲು ಸರ್ವರಿಗೆ ಬೇರೆ ಗುರುತೇ ಇಲ್ಲ. ಕೆಲವು ಪ್ರೋಗ್ರಾಂಗಳು ಮೊದಲು ಬಂದದ್ದನ್ನು ಇಟ್ಟುಕೊಳ್ಳುತ್ತವೆ, ಕೆಲವು ಕೊನೆಯದನ್ನು, ಇನ್ನು ಕೆಲವು ಎರಡನ್ನೂ ಪಟ್ಟಿ ಮಾಡಿ ಇಡುತ್ತವೆ. ಇಲ್ಲಿಯದು ಕೊನೆಯದನ್ನು ಇಟ್ಟುಕೊಂಡಿತು. ಮತ್ತೆ ತೋರಿಸುವಾಗ ಎರಡೂ ಕಾಲಂಗಳು ‘ಪಿನ್ ಎಷ್ಟು?’ ಎಂದು ಕೇಳಿದವು, ಎರಡಕ್ಕೂ ಅದೇ ಉತ್ತರ ಸಿಕ್ಕಿತು.

ಎರಡು ಕಾಲಂಗೆ ಒಂದೇ ಹೆಸರಿಡುವಷ್ಟು ದಡ್ಡರೇ ಪ್ರೋಗ್ರಾಂ ಬರೆಯುವವರು? ಖಂಡಿತ ಅಲ್ಲ. ಅವರು ಜಾಣತನ ಮಾಡಲು ಹೋಗಿದ್ದರು. ಮನೆ ನಂಬರ್, ಬೀದಿ, ಊರು, ತಾಲ್ಲೂಕು, ಪಿನ್‌ಕೋಡ್ ಎಂಬ ಅದೇ ಐದು ಕಾಲಂಗಳು ವಿದ್ಯಾರ್ಥಿವೇತನದ ಅರ್ಜಿಗೂ ಬೇಕು, ಬಸ್ ಪಾಸಿಗೂ ಬೇಕು. ಪ್ರತಿ ಸಲ ಹೊಸದಾಗಿ ಬರೆಯುವುದೇಕೆ? ಒಮ್ಮೆ ಚೆನ್ನಾಗಿ ಬರೆದಿಟ್ಟು ಬೇಕಾದಲ್ಲೆಲ್ಲ ಕೂರಿಸಿದರಾಯಿತು. ಇಂಥ ತುಂಡಿಗೆ ಕಾಂಪೊನೆಂಟ್ ಎನ್ನುತ್ತಾರೆ. ಅದರಲ್ಲೊಂದು ತಪ್ಪು ಸಿಕ್ಕಿದರೆ ಒಂದೇ ಕಡೆ ತಿದ್ದಿದರೆ ಸಾಕು, ಅದನ್ನು ಬಳಸಿದ ಅರ್ಜಿಗಳೆಲ್ಲ ಸರಿಹೋಗುತ್ತವೆ. ಒಂದೇ ಅರ್ಜಿಯಲ್ಲಿ ಎರಡು ಸಲ ಕೂರಿಸಿದಾಗ ಮಾತ್ರ ಮೇಲಿನ ಎಡವಟ್ಟು.

ಪರಿಹಾರವನ್ನು ನಿಮ್ಮ ಮನೆಯ ಚಕ್ಕುಲಿ ಒರಳಿನಲ್ಲೇ ನೋಡಬಹುದು. ಒರಳು ಒಂದೇ. ತಳದ ಬಿಲ್ಲೆ ಬದಲಿಸಿದರೆ ಅದೇ ಒರಳಿನಿಂದ ಚಕ್ಕುಲಿಯೂ ಬರುತ್ತದೆ, ಖಾರಸೇವೆಯೂ ಬರುತ್ತದೆ. ಒಳ್ಳೆಯ ಕಾಂಪೊನೆಂಟಿನಲ್ಲೂ ಬದಲಾಗಬೇಕಾದದ್ದನ್ನು ಹೊರಗಿನಿಂದ ಹಾಕುತ್ತಾರೆ. ವಿಳಾಸದ ತುಂಡು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದು. ಕೂರಿಸುವವರು ‘ನೀನು ಇಲ್ಲಿ ಊರು’, ‘ನೀನು ಅಲ್ಲಿ ಹಾಸ್ಟೆಲ್’ ಎಂದು ಹೇಳಬೇಕು. ಆಗ ಸಾಲಿನಲ್ಲಿ ‘ಊರು.ಪಿನ್=581401’, ‘ಹಾಸ್ಟೆಲ್.ಪಿನ್=580001’ ಎಂದು ಹೋಗುತ್ತದೆ. ಗೊಂದಲ ಮುಗಿಯಿತು. ಇದೇ ಜಾತಿಯ ಇನ್ನೊಂದು ತೊಡಕೂ ಉಂಟು. ಕಾಲಂ ಪಕ್ಕದ ಬರಹವನ್ನು ಆ ಕಾಲಂಗೆ ಕಟ್ಟಿಹಾಕುವ ಗುರುತೂ ಎರಡು ಕಡೆ ಒಂದೇ ಆಗಿದ್ದರೆ, ಕೆಳಗಿನ ‘ಪಿನ್‌ಕೋಡ್’ ಎಂಬ ಬರಹವನ್ನು ಒತ್ತಿದಾಗ ಕರ್ಸರ್ ಮೇಲಿನ ಕಾಲಂಗೆ ಓಡಿಬಿಡುತ್ತದೆ. ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್ ಕೂಡ ಆ ಗುರುತನ್ನೇ ನಂಬುತ್ತದೆ. ಅವರಿಗಂತೂ ಇದು ದೊಡ್ಡ ಪೇಚು.

ಇನ್ನೊಂದು ತಮಾಷೆ ಕೇಳಿ. ಈ ಸಾಲಿನಲ್ಲಿ ಹೋಗುವುದೆಲ್ಲ ಬರೀ ಅಕ್ಷರ. 7 ಎಂದು ತುಂಬಿದರೂ ಅದು ಏಳು ಎಂಬ ಸಂಖ್ಯೆಯಾಗಿ ಹೋಗದೆ 7 ಎಂಬ ಗುರುತಾಗಿ ಹೋಗುತ್ತದೆ. ಮರೆತು 7 ಮತ್ತು 5ನ್ನು ಕೂಡಿಸಿದರೆ ಬ್ರೌಸರಿನ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್ 12 ಎನ್ನದೆ 75 ಎನ್ನುತ್ತದೆ! ಅಂಕಗಳನ್ನು ಕೂಡಿಸುವ ಮುಂಚೆ ಸಂಖ್ಯೆಯಾಗಿ ಬದಲಿಸಿಕೊಳ್ಳಲೇಬೇಕು. ಹಾಗೆಂದು ಅಂಕಿ ಕಂಡಲ್ಲೆಲ್ಲ ಬದಲಿಸಿದರೂ ಕಷ್ಟವೇ. ಬೆಂಗಳೂರಿನ ಎಸ್‌ಟಿಡಿ ಕೋಡ್ 080ನ್ನು ಸಂಖ್ಯೆ ಮಾಡಿದರೆ ಮುಂದಿನ ಸೊನ್ನೆ ಉದುರಿ 80 ಆಗುತ್ತದೆ. ನನ್ನ ಲೆಕ್ಕ ಇಷ್ಟೇ: ಕೂಡುವುದು ಕಳೆಯುವುದು ಇದ್ದರೆ ಸಂಖ್ಯೆ, ಇಲ್ಲದಿದ್ದರೆ ಅಕ್ಷರವಾಗಿಯೇ ಇರಲಿ. ಎರಡು ಪಿನ್‌ಕೋಡ್‌ಗಳನ್ನು ಯಾರಾದರೂ ಕೂಡುತ್ತಾರೆಯೇ?

ಪಿನ್‌ಕೋಡ್ ನಮ್ಮ ದೇಶಕ್ಕೆ ಬಂದದ್ದು 1972ರ ಆಗಸ್ಟ್ 15ರಂದು. ಆರು ಅಂಕಿ, ಮೊದಲನೆಯದು ದೇಶದ ವಲಯ (ಕರ್ನಾಟಕ, ಆಂಧ್ರ, ತೆಲಂಗಾಣಗಳಿಗೆ 5), ಕೊನೆಯ ಮೂರು ಅಂಚೆ ಕಚೇರಿಯ ಗುರುತು. ಸೊನ್ನೆಯಿಂದ ಶುರುವಾಗುವ ಪಿನ್‌ಕೋಡ್ ಇಲ್ಲ. ಹಾಗಾಗಿ ‘ಆರು ಅಂಕಿ ಇರಬೇಕು, ಮೊದಲನೆಯದು ಸೊನ್ನೆ ಆಗಿರಬಾರದು’ ಎಂಬ ನಿಯಮವನ್ನು ಕಾಂಪೊನೆಂಟಿನೊಳಗೆ ಸೇರಿಸಿಡಬಹುದು. ಹುಡುಗಿ ಕನ್ನಡ ಕೀಲಿಮಣೆಯಲ್ಲಿ ೫೮೧೪೦೧ ಎಂದು ಬರೆದರೋ? ಕಂಪ್ಯೂಟರಿಗೆ ೫ ಬೇರೆ, 5 ಬೇರೆ. ಒರಟು ಕಾಂಪೊನೆಂಟ್ ‘ತಪ್ಪು’ ಎಂದು ಕೆಂಪಾಗುತ್ತದೆ. ಸಭ್ಯ ಕಾಂಪೊನೆಂಟ್ ಸುಮ್ಮನೆ ಬದಲಿಸಿಕೊಳ್ಳುತ್ತದೆ. ಹೆಸರಿನ ಕಾಲಂ ಬಗ್ಗೆಯೂ ನನಗೆ ಇದೇ ತಕರಾರು. ‘ಕೊನೆಯ ಹೆಸರಿಗೆ ಕನಿಷ್ಠ ಎರಡು ಅಕ್ಷರ ಬೇಕು’ ಎಂದು ಹಟ ಹಿಡಿದರೆ, ಬರೀ ಇನಿಷಿಯಲ್ ಇರುವ ನಮ್ಮವರೆಲ್ಲ ಎಲ್ಲಿಗೆ ಹೋಗಬೇಕು?

ಬ್ರೌಸರಿನಲ್ಲಿ ಆಗುವ ಈ ತಪಾಸಣೆ ನಮ್ಮ ಅನುಕೂಲಕ್ಕೆ ಮಾತ್ರ. ಅರ್ಜಿಯ ಪುಟವನ್ನೇ ತೆರೆಯದೆ, ಜೋಡಿಗಳ ಸಾಲನ್ನು ಕೈಯಾರೆ ಬರೆದು ಸರ್ವರಿಗೆ ಕಳಿಸಲು ಬಲ್ಲವರಿದ್ದಾರೆ. ಆದ್ದರಿಂದ ಸರ್ವರ್ ಎಲ್ಲವನ್ನೂ ಇನ್ನೊಮ್ಮೆ ನೋಡಲೇಬೇಕು. ಅಷ್ಟಾದರೂ ಶಿರಸಿಯ ಎಡವಟ್ಟು ಆರು ಅಂಕಿಯ ನಿಯಮಕ್ಕೆ ಸಿಕ್ಕಿಬೀಳುವುದಿಲ್ಲ. 580001 ಅಸಲಿ ಪಿನ್‌ಕೋಡೇ ತಾನೇ! ಸಾಲಿನಲ್ಲಿ ಒಂದೇ ಹೆಸರು ಎರಡು ಸಲ ಬಂದಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ.

ಟಿಕ್ ಹಾಕುವ ಚೌಕದ ಕಥೆ ಇನ್ನೂ ವಿಚಿತ್ರ. ಟಿಕ್ ಹಾಕಿದರೆ ಜೋಡಿ ಹೋಗುತ್ತದೆ. ಹಾಕದಿದ್ದರೆ ‘ಇಲ್ಲ’ ಎಂದೂ ಹೋಗುವುದಿಲ್ಲ, ಆ ಹೆಸರೇ ಸಾಲಿನಲ್ಲಿರುವುದಿಲ್ಲ. ಬೇಡವೆಂದು ಬಿಟ್ಟದ್ದೋ, ಆ ಪ್ರಶ್ನೆಯನ್ನು ಕೇಳಿಯೇ ಇರಲಿಲ್ಲವೋ, ಸರ್ವರಿಗೆ ತಿಳಿಯದು. ಅದಕ್ಕೇ ಕೆಲವರು ಕಣ್ಣಿಗೆ ಕಾಣದ ಒಂದು ಕಾಲಂ ಜೊತೆಗಿಟ್ಟು ‘ಇಲ್ಲ’ ಎಂಬ ಉತ್ತರವನ್ನೂ ಕಳಿಸುತ್ತಾರೆ.

ಈ ಜೋಡಿಗಳನ್ನು ನೀವೇ ಕಣ್ಣಾರೆ ನೋಡಬಹುದು. ಹುಡುಕುವ ಕಾಲಂಗಳು ಸಾಮಾನ್ಯವಾಗಿ ಜೋಡಿಯನ್ನು ಪುಟದ ವಿಳಾಸಕ್ಕೇ ಅಂಟಿಸಿ ಕಳಿಸುತ್ತವೆ. ಪ್ರಶ್ನಾರ್ಥಕ ಚಿಹ್ನೆಯ ನಂತರ ಹುಡುಕಿ. ಪಾಸ್‌ವರ್ಡ್ ಇರುವ ಅರ್ಜಿ ಮಾತ್ರ ಹಾಗೆ ಹೋಗಬಾರದು, ಅದಕ್ಕೆ ವಿಳಾಸದಿಂದ ಹೊರಗಿಟ್ಟು ಕಳಿಸುವ ಬೇರೆ ದಾರಿಯಿದೆ. ‘ಕನ್ನಡ’ ಎಂದು ಹುಡುಕಿ, ಮೇಲಿನ ವಿಳಾಸವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಅಕ್ಷರಗಳ ಜಾಗದಲ್ಲಿ ಶೇಕಡಾ ಚಿಹ್ನೆಗಳ ಮಾಲೆ ಕಾಣಬಹುದು. ಕಂಪ್ಯೂಟರಿಗೆ ‘ಕನ್ನಡ’ ಎಂದರೆ ಐದು ತುಣುಕು: ಕ, ನ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ, ಇನ್ನೊಂದು ನ, ಡ. ಒಂದೊಂದಕ್ಕೂ ಮೂರು ಬೈಟ್, ಒಂದೊಂದು ಬೈಟಿಗೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತು. ಎಣಿಸಿ ನೋಡಿ, 45 ಬರಬೇಕು.