ಟ್ರಂಕಿನ ಟಿಕೀಟು, ಹರಾಜಿನ ಟೋಪಿ

(ಮಹಿಳಾ ವೇದಿಕೆಯ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



‘ನಿಮ್ಮ ಹವ್ಯಾಸದ ಬಗ್ಗೆ ಮಾತಾಡಿ’ ಎಂದು ಕೇಳಿದಾಗ ಕಸೂತಿಯೋ ರಂಗೋಲಿಯೋ ಇರಬಹುದು ಅಂದುಕೊಂಡಿದ್ದಿರಿ. ನನ್ನದು ಹಳೆಯ ಕ್ರಿಕೆಟ್ ಟಿಕೀಟು, ಆಟಗಾರರ ಚಿತ್ರದ ಕಾರ್ಡು, ಸಹಿ ಮಾಡಿದ ಚೀಟಿ, ಇಂಥವನ್ನು ಹರಾಜಿನಲ್ಲಿ ಕೊಳ್ಳುವ ಹುಚ್ಚು. ಗಹುಂಜೆ ಸ್ಟೇಡಿಯಂ ನಮ್ಮ ದೇಹೂ ರೋಡಿನಿಂದ ಕೂಗಳತೆಯಲ್ಲೇ ಇದೆ. ಮ್ಯಾಚ್ ಇದ್ದ ದಿನ ಹೆದ್ದಾರಿ ದಾಟಿ ಮನೆ ಸೇರುವುದೇ ಒಂದು ಸಾಹಸ. ಹಾಗಾಗಿ ಈ ಹುಚ್ಚಿಗೆ ಊರಿನದ್ದೂ ಸ್ವಲ್ಪ ಪಾಲಿದೆ.

ಹರಾಜು ಅಂದರೆ ಹೆದರಬೇಡಿ. ನಮ್ಮ ಊರುಗಳಲ್ಲಿ ಗಣಪತಿ ಮುಂದಿಟ್ಟ ತೆಂಗಿನಕಾಯಿ ಸವಾಲಿಗೆ ಬರುತ್ತದಲ್ಲ, ಅದೇ ಇದು. ಅಂಗಡಿಯಲ್ಲಿ ಕೆಲವೇ ರೂಪಾಯಿಯ ಕಾಯಿ ಅಲ್ಲಿ ಸಾವಿರಗಟ್ಟಲೆ ಕೂಗುತ್ತದೆ. ಕಾಯಿ ಬದಲಾಗಿಲ್ಲ, ಅದು ಎಲ್ಲಿತ್ತು ಅನ್ನುವುದು ಎಲ್ಲರಿಗೂ ಗೊತ್ತು, ಅಷ್ಟೇ. 2024ರ ಡಿಸೆಂಬರ್‌ನಲ್ಲಿ ಸಿಡ್ನಿಯಲ್ಲಿ ಬಾನಮ್ಸ್ ಸಂಸ್ಥೆ ಡಾನ್ ಬ್ರಾಡ್ಮನ್ನರ ಹಸಿರು ಟೋಪಿಯೊಂದನ್ನು ಹರಾಜು ಹಾಕಿತು. ಬಣ್ಣ ಮಾಸಿದ, ಅಂಚು ಸವೆದ ಟೋಪಿ. 1947-48ರಲ್ಲಿ ಭಾರತ ತಂಡ ಆಸ್ಟ್ರೇಲಿಯಾಕ್ಕೆ ಹೋಗಿದ್ದಾಗ ಅವರು ಅದನ್ನು ನಮ್ಮ ತಂಡದ ಮ್ಯಾನೇಜರ್ ಪಂಕಜ್ ಗುಪ್ತಾ ಅವರಿಗೆ ಕೊಟ್ಟಿದ್ದರು. ಸುತ್ತಿಗೆ ಬಿದ್ದಾಗ ಬೆಲೆ 3,90,000 ಆಸ್ಟ್ರೇಲಿಯನ್ ಡಾಲರ್. ಕೊಂಡವರು ತೆತ್ತದ್ದು 4,79,700. ನಡುವಿನ ವ್ಯತ್ಯಾಸ ಹರಾಜು ಸಂಸ್ಥೆಯ ದಲಾಲಿ. ಮಂಡಿಯಲ್ಲಿ ಈರುಳ್ಳಿ ಮಾರಿದವರಿಗೆ ದಲಾಲಿ ಏನೆಂದು ಹೇಳಬೇಕಿಲ್ಲ. ಇಲ್ಲಿ ಅದು ಕೊಳ್ಳುವವರ ಮೇಲೂ ಬೀಳುತ್ತದೆ. ಅದಕ್ಕೇ ನಾನು ಹರಾಜಿಗೆ ಮೊದಲು ದಲಾಲಿ, ಅಂಚೆ ಖರ್ಚು ಎಲ್ಲ ಸೇರಿಸಿ ನನ್ನ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸುತ್ತೇನೆ. ಅದನ್ನು ದಾಟಿದರೆ ಫೋನ್ ಕೆಳಗಿಡುವುದು.

ಕಾರ್ಡುಗಳ ಕಥೆ ಇನ್ನೂ ಮಜವಾಗಿದೆ. ನಿಮ್ಮಲ್ಲಿ ಕೆಲವರಿಗೆ ಬಿಗ್ ಫನ್ ಬಬಲ್‌ಗಮ್ ಜೊತೆ ಬರುತ್ತಿದ್ದ ಕ್ರಿಕೆಟ್ ಚಿತ್ರಗಳು ನೆನಪಿರಬಹುದು. ಒಂದರ ಮೇಲೆ ಇಷ್ಟು ರನ್, ಇನ್ನೊಂದರ ಮೇಲೆ ಇಷ್ಟು ವಿಕೆಟ್. ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡುಗಳೂ ಹೀಗೆಯೇ ಗಮ್ ಜೊತೆ ಬಂದವು. ಟಾಪ್ಸ್ ಎಂಬ ಗಮ್ ಕಂಪನಿ 1952ರಲ್ಲಿ ಮುದ್ರಿಸಿದ ಕಾರ್ಡುಗಳಲ್ಲಿ ಮಾರಾಟವಾಗದೆ ಉಳಿದವನ್ನು 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದರು. ಅದೇ ಸರಣಿಯ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರ ಆಗಸ್ಟ್‌ನಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ! ಮೂಲೆ ಮಡಚಿಲ್ಲ, ಚಿತ್ರ ನಡುವಿಗೇ ಇದೆ ಎಂದೆಲ್ಲ ಪರೀಕ್ಷಿಸಿ ಅದಕ್ಕೆ 10ಕ್ಕೆ 9.5 ಅಂಕ ಕೊಟ್ಟಿದ್ದರು. ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡಿಗಿಂತ ಕಠಿಣ.

ಅಲ್ಲಿಯ ಗಂಡಸರಲ್ಲಿ ಒಂದು ಹಳೆಯ ದೂರಿದೆ: ‘ನನ್ನ ಕಾರ್ಡುಗಳನ್ನೆಲ್ಲ ಅಮ್ಮ ಎಸೆದುಬಿಟ್ಟಳು.’ ನಿಜ ಹೇಳಬೇಕೆಂದರೆ ಆ ಅಮ್ಮಂದಿರು ಎಸೆದದ್ದರಿಂದಲೇ ಉಳಿದವಕ್ಕೆ ಬೆಲೆ ಬಂತು. ಆ ಉಪಕಾರವನ್ನು ಯಾರೂ ನೆನೆಯುವುದಿಲ್ಲ. ಇನ್ನೊಂದು ಮಾತೂ ಇದೆ. ಎಸೆದವಳು ಅಮ್ಮ ಆದರೆ, ಎಸೆಯದೆ ಇಟ್ಟವಳೂ ಸಾಮಾನ್ಯವಾಗಿ ಅಮ್ಮನೇ.

ನಮ್ಮ ಮನೆಯದನ್ನೇ ಹೇಳುತ್ತೇನೆ. ನನ್ನ ಮಾವನವರು ಇಲ್ಲಿನ ಆರ್ಡ್‌ನೆನ್ಸ್ ಡಿಪೋದಲ್ಲಿ ಕೆಲಸಕ್ಕಿದ್ದವರು. 1984ರ ಡಿಸೆಂಬರ್ 5, ಬುಧವಾರ, ಪುಣೆಯ ನೆಹರೂ ಸ್ಟೇಡಿಯಂನಲ್ಲಿ ಭಾರತ–ಇಂಗ್ಲೆಂಡ್ ಒಂದು ದಿನದ ಪಂದ್ಯ. ವೆಂಗ್‌ಸರ್ಕಾರ್ ಶತಕ ಹೊಡೆದರು, ಆ ಕಡೆ ಗ್ಯಾಟಿಂಗ್ ಹೊಡೆದರು, ನಾವು ಸೋತೆವು. ಮಾವನವರು ರಜೆ ಹಾಕಿ ಹೋಗಿದ್ದರು. ಆ ಟಿಕೀಟಿನ ಅರ್ಧ ತುಂಡು ಟ್ರಂಕಿನಲ್ಲಿ ಸಿಕ್ಕಿತು. ಅದರ ಫೋಟೋವನ್ನು ಸಂಗ್ರಾಹಕರೊಬ್ಬರಿಗೆ ಕಳಿಸಿದಾಗ ಅವರು ಕೇಳಿದ್ದು ಒಂದೇ: ‘ಇದು ನಿಮ್ಮವರದ್ದೇ ಎನ್ನಲು ಏನಾದರೂ ಬರಹ ಇದೆಯೇ?’

ಇತ್ತು. ನನ್ನ ಅತ್ತೆ ಮದುವೆಯಾದಾಗಿನಿಂದ ಖರ್ಚಿನ ಲೆಕ್ಕ ಬರೆದಿಟ್ಟವರು. ಆ ತಾರೀಖಿನ ಹಾಳೆಯಲ್ಲಿ, ಹಾಲು ಮತ್ತು ಸೀಮೆಎಣ್ಣೆಯ ಕೆಳಗೆ, ‘ಕ್ರಿಕೆಟ್ ಟಿಕೀಟು, ಲೋಕಲ್, ಶೇಂಗಾ’ ಎಂದು ಮೂರು ಸಾಲು, ಮುಂದೆ ರೂಪಾಯಿ ಪೈಸೆ. ಸಂಗ್ರಾಹಕರು ಕೂಡಲೇ ಬೆಲೆ ಏರಿಸಿದರು, ಆದರೆ ಹಾಳೆಯೂ ಬೇಕು ಎಂದರು. ನಾನು ಹೇಳಿದೆ, ‘ಅತ್ತೆ, ಒಂದು ಹಾಳೆ ತಾನೇ?’ ಅವರು ಹಾಳೆ ತಿರುಗಿಸಿ ತೋರಿಸಿದರು. ಹಿಂಬದಿಯಲ್ಲಿ ನನ್ನ ಗಂಡನಿಗೆ ಟೈಫಾಯಿಡ್ ಬಂದಾಗಿನ ಔಷಧದ ಲೆಕ್ಕ, ಅದಕ್ಕಾಗಿ ಅಡವಿಟ್ಟ ಬಳೆಯ ಲೆಕ್ಕ. ‘ಮುಂದಿನದು ಅವರದ್ದು, ಹಿಂದಿನದು ನನ್ನದು. ಹ್ಯಾಂಗ ಹರೀತಿ?’ ಎಂದರು. ಟಿಕೀಟೂ ಹಾಳೆಯೂ ಮನೆಯಲ್ಲೇ ಉಳಿದವು.

ಹರಾಜಿನವರು ‘ಪ್ರಾವಿನೆನ್ಸ್’ ಎನ್ನುವುದು ಇದಕ್ಕೇ. ವಸ್ತು ಯಾರಿಂದ ಯಾರಿಗೆ ಬಂತು ಎಂಬ ಸರಪಳಿ. ಬರೀ ಬಾಯಿಮಾತಿಗೆ ಬೆಲೆ ಇಲ್ಲ. ದಾನಕ್ಕಾಗಿ ನಡೆಯುವ ಹರಾಜುಗಳಿಗೆ ಜನ ಧೈರ್ಯವಾಗಿ ಕೂಗುವುದೂ ಇದರಿಂದಲೇ, ಆಟಗಾರರೇ ನೇರವಾಗಿ ಕೊಟ್ಟಿರುತ್ತಾರೆ. ನಮ್ಮ ಕೆ.ಎಲ್. ರಾಹುಲ್ ಮತ್ತು ಆಥಿಯಾ ಶೆಟ್ಟಿ 2024ರ ಆಗಸ್ಟ್‌ನಲ್ಲಿ ನಡೆಸಿದ ಹರಾಜಿನಲ್ಲಿ ಕೊಹ್ಲಿಯ ಜೆರ್ಸಿ 40 ಲಕ್ಷಕ್ಕೆ, ದ್ರಾವಿಡ್ ಬ್ಯಾಟು 11 ಲಕ್ಷಕ್ಕೆ ಹೋದವು, ಒಟ್ಟು 1.93 ಕೋಟಿ. ಹಣ ಹೋದದ್ದು ಕಿವಿ ಕೇಳದ ಮತ್ತು ಬುದ್ಧಿಮಾಂದ್ಯ ಮಕ್ಕಳಿಗಾಗಿ ದುಡಿಯುವ ವಿಪ್ಲಾ ಫೌಂಡೇಶನ್ನಿಗೆ. ಅದನ್ನು ಕಟ್ಟಿದವರು ಆಥಿಯಾರ ಅಜ್ಜಿ ವಿಪುಲಾ ಕಾದ್ರಿ.

ಈಗ ನನಗೆ ನಿದ್ದೆಗೆಡಿಸುವ ವಿಷಯ. ನಮ್ಮ ದೇಶದ ಮಹಿಳಾ ಕ್ರಿಕೆಟ್ಟಿನ ಮೊದಲ ಅಂತರ್‌ರಾಜ್ಯ ಪಂದ್ಯಾವಳಿ ನಡೆದದ್ದು ಎಲ್ಲಿ ಗೊತ್ತೇ? ಇಲ್ಲೇ ಪುಣೆಯಲ್ಲಿ, 1973ರ ಏಪ್ರಿಲ್‌ನಲ್ಲಿ. ಮೂರೇ ತಂಡ: ಮುಂಬಯಿ, ಮಹಾರಾಷ್ಟ್ರ, ಉತ್ತರ ಪ್ರದೇಶ. 1975ರಲ್ಲಿ ಆಸ್ಟ್ರೇಲಿಯಾದ 25ರೊಳಗಿನವರ ತಂಡ ಬಂದಾಗಲೂ ಪುಣೆಯಲ್ಲಿ ಆಡಿದರು. ಮರುವರ್ಷ ನಮ್ಮ ಶಾಂತಾ ರಂಗಸ್ವಾಮಿ ನಾಯಕಿಯಾಗಿ ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಟೆಸ್ಟ್ ಆಡಿಸಿದರು, ಪಾಟ್ನಾದಲ್ಲಿ ಗೆಲ್ಲಿಸಿದರು. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಪ್ರಯಾಣ ಮಾಡಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಆ ಪುಣೆಯ ಪಂದ್ಯಾವಳಿಯ ಒಂದು ಸ್ಕೋರ್ ಹಾಳೆ, ಒಂದು ಬ್ಯಾಡ್ಜ್ ಕೂಡ ಇದುವರೆಗೆ ನಾನು ನೋಡಿದ ಯಾವ ಹರಾಜಿಗೂ ಬಂದಿಲ್ಲ. ಬಂದರೆ ಫ್ರಿಜ್ಜಿನ ಚೀಟಿಯನ್ನು ಹರಿದು ಹಾಕುತ್ತೇನೆ. 2025ರ ನವೆಂಬರ್‌ನಲ್ಲಿ ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದಾಗ ಕಾಲೋನಿಯ ಮಕ್ಕಳು ಪಟಾಕಿ ಹೊಡೆದರು. ಆ ಕಪ್ಪಿನ ವಸ್ತುಗಳನ್ನು ಕಾಯುವವರು ಈಗ ಬೇಕಾದಷ್ಟು ಜನ. 1973ರದ್ದು ಮಾತ್ರ ಯಾರದೋ ಅಟ್ಟದ ಮೇಲೆ, ಆಡಿದ ಅಜ್ಜಿಯ ಹಳೆಯ ಸೀರೆಗಳ ಕೆಳಗೆ ಇರಬಹುದು. ಆ ಅಜ್ಜಿ ಹೋದ ಮೇಲೆ ರದ್ದಿಯವನ ತಕ್ಕಡಿಗೆ.

ಕೆಲವು ಗೆಳತಿಯರು ಹೇಗೆ ಶುರು ಮಾಡುವುದು ಎಂದು ಕೇಳಿದ್ದರು. ಸಿಕ್ಕಿದ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಗೋಡೆಗೆ ತೂಗಿ ಬಿಸಿಲಿಗೆ ಕೊಡಬೇಡಿ, ಸಹಿ ಮಾಸಿಹೋಗುತ್ತದೆ. ಒಂದು ಕವರಿನೊಳಗಿಟ್ಟು, ಯಾರದ್ದು, ಯಾವಾಗಿನದು, ಹೇಗೆ ಬಂತು ಎಂದು ಕವರಿನ ಮೇಲೆ ಬರೆಯಿರಿ. ಸಹಿಯ ಬ್ಯಾಟು ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಿ, ಎಷ್ಟೋ ಸಹಿಗಳು ಅಚ್ಚಿನವು. ಹಣ ಕೊಟ್ಟ ಮೇಲೆ ಪ್ರಮಾಣಪತ್ರ ಕಳಿಸುತ್ತೇನೆ ಎನ್ನುವವರ ಹತ್ತಿರ ಏನನ್ನೂ ಕೊಳ್ಳಬೇಡಿ. ಒಳ್ಳೆಯ ಸಂಗ್ರಹ ಹೇಗಿರುತ್ತದೆ ಎಂದು ನೋಡಬೇಕಿದ್ದರೆ ಸಹಕಾರನಗರದಲ್ಲಿ ರೋಹನ್ ಪಾಟೆಯವರ ಬ್ಲೇಡ್ಸ್ ಆಫ್ ಗ್ಲೋರಿ ಕ್ರಿಕೆಟ್ ಮ್ಯೂಸಿಯಂ ಇದೆ.

ಪುಣೆಯ ಜುನಾ ಬಾಜಾರ್ ಬುಧವಾರ, ರವಿವಾರ ಕೂಡುತ್ತದೆ. ಬರುವ ರವಿವಾರ ನಾನು ಹೋಗುತ್ತಿದ್ದೇನೆ, ಹಳೆಯ ಕಾಗದದ ರಾಶಿ ಕೆದಕಲು. ಜೊತೆಗೆ ಬರುವವರು ಬೆಳಗಿನ ಲೋಕಲ್ಲಿಗೆ ದೇಹೂ ರೋಡ್ ಸ್ಟೇಷನ್ನಿಗೆ ಬನ್ನಿ. ಡಬ್ಬಿ ನಾನು ತರುತ್ತೇನೆ.